ರೆಕಾರ್ಡಿನೊಳಗಿನ ಎರಡನೆಯ ದನಿ

ಮ್ಯಾಡ್ರಿಡ್, ಜೂನ್ 3, 1976

ಇವತ್ತೂ ಸ್ಟುಡಿಯೋ ಒಳಗೆ ಬಿಡಲಿಲ್ಲ. ನನ್ನ ಹೆಣ್ಣುಮಕ್ಕಳ ಮೊದಲ ರೆಕಾರ್ಡಿನಿಂದ ಗಾಜಿನ ಈಚೆ ಹೆಣಿಗೆ ಹಿಡಿದು ಕೂತವಳು ನಾನು. ಈಗ ನಿರ್ಮಾಪಕ ಕಿರೋಗಾ ಹೊಸ ವರಸೆ ತೆಗೆದಿದ್ದಾನೆ — ಇಬ್ಬರೂ ಬೇರೆ ಬೇರೆ ದಿನ ಹಾಡಬೇಕಂತೆ, ಆಮೇಲೆ ಕೂಡಿಸುತ್ತಾರಂತೆ. "ನೀವು ಕೂತರೆ ಮೈಕೂ ಹೆದರುತ್ತೆ, ದೊನ್ಯಾ ಉರ್ಸುಲಾ" ಎಂದು ನಕ್ಕ.

ನಾನು ನಗಲಿಲ್ಲ. ಮೆಟ್ಟಿಲ ಮೇಲೆ ಕೂತೆ. ಕಸ ಗುಡಿಸುವವಳು ಬಂದು "ಕಾಲು ಎತ್ತಿ" ಅಂದಳು.

ಜೂನ್ 5

ಈ ಸೆಕೆಯಲ್ಲಿ ಎಲ್ವಿರಾ ಕತ್ತಿಗೆ ರೇಷ್ಮೆ ಸ್ಕಾರ್ಫು. ಊಟಕ್ಕೆ ಕೂತರೂ ಬಿಚ್ಚುವುದಿಲ್ಲ. ಫೋನಿನಲ್ಲಿ ಪಿಸುಮಾತು. ದೊಡ್ಡವಳು, ಪೋಸ್ಟರಿನಲ್ಲಿ ಮುಂದೆ ನಿಲ್ಲುವವಳು... ಕತ್ತಿನ ಮೇಲೆ ಏನು ಮುಚ್ಚುತ್ತಿದ್ದಾಳೆ? ಕಿರೋಗಾಗೆ ಹೆಂಡತಿ ಇದ್ದಾಳೆ.

ಚಿಕ್ಕವಳು ನಿಯೆವೆಸ್‌ಳನ್ನು ಕೇಳಿದೆ. ಟೊಮೆಟೊ ಹೆಚ್ಚುತ್ತಿದ್ದಳು. "ಅಮ್ಮಾ, ನೀನು ಪೊಲೀಸಿಗೆ ಸೇರಬೇಕಿತ್ತು" ಅಂದಳು. ಮುಖ ಎತ್ತಲಿಲ್ಲ.

ಜೂನ್ 18

ಅಂಗಡಿಗೆ ಹೋಗುವ ಮೊದಲು ಪರೀಕ್ಷೆಗೆಂದು ಮಾಡಿದ ರೆಕಾರ್ಡು ಮನೆಗೆ ಬಂತು. ಇಬ್ಬರೂ ಹೊರಗೆ ಹೋದಾಗ ಹಾಕಿ ಕೇಳಿದೆ. ಮತ್ತೆ ಕೇಳಿದೆ.

ಇವರಿಗೆ ನಾನು ಹಾಡು ಕಲಿಸಿದ್ದು ಮಾಲಗಾದ ತಾರಸಿಯಲ್ಲಿ, ಒಗೆದ ಹಾಸಿಗೆ ಬಟ್ಟೆ ಮಡಚುವಾಗ. ಎದುರುಬದುರು ನಿಂತು ಒಬ್ಬಳು ಎಳೆಯುವಾಗ ಇನ್ನೊಬ್ಬಳು ಉಸಿರು ತೆಗೆದುಕೊಳ್ಳಬೇಕು. ಅದಕ್ಕೇ ಇವರ ಹಾಡಿನಲ್ಲಿ ಎಲ್ಲೂ ಬಿರುಕಿಲ್ಲ. ಈ ರೆಕಾರ್ಡಿನಲ್ಲಿ ಎರಡು ದನಿಯೂ ಒಂದೇ ಜಾಗದಲ್ಲಿ ಉಸಿರಾಡುತ್ತವೆ. ಒಬ್ಬಳೇ ಎರಡು ಸಲ ಹಾಡಿದ್ದಾಳೆ.

ಮೇಲಿನ ದನಿ ಯಾವತ್ತೂ ಎಲ್ವಿರಾಳದು. ಅಂದರೆ ಚಿಕ್ಕವಳನ್ನು ಕಿತ್ತುಹಾಕಿದ್ದಾರೆ. ಆ ಕಿರೋಗಾನೂ ದೊಡ್ಡವಳೂ ಸೇರಿಕೊಂಡು.

ಜೂನ್ 19

ಬೆಳಿಗ್ಗೆಯೇ ಕಿರೋಗಾನ ಆಫೀಸಿಗೆ ಹೋಗಿ ಬಾಯಿಗೆ ಬಂದದ್ದು ಅಂದೆ. ಅವನು ಬೆವರು ಒರೆಸಿಕೊಂಡ. ಮಕ್ಕಳನ್ನೇ ಕೇಳಿ, ಹೇಳುವುದಿಲ್ಲ ಎಂದು ನಾನು ಅವರಿಗೆ ಮಾತು ಕೊಟ್ಟಿದ್ದೇನೆ ಎಂದ.

ಮನೆಗೆ ಬಂದು ಎಲ್ವಿರಾಳನ್ನು ಎದುರಿಗೆ ನಿಲ್ಲಿಸಿದೆ. ತಂಗಿಯ ಬಾಯಿಗೆ ಮಣ್ಣು ಹಾಕಿದೆಯಾ ಎಂದೆ. ನಿಯೆವೆಸ್ ನಡುವೆ ಬಂದಳು.

"ಎರಡೂ ನಾನೇ ಹಾಡಿದ್ದು, ಅಮ್ಮಾ. ಅವಳ ದನಿ ಅದರಲ್ಲಿ ಇಲ್ಲ."

ಎಲ್ವಿರಾ ಸ್ಕಾರ್ಫು ಬಿಚ್ಚಿದಳು. ಕತ್ತಿನ ಮೇಲೆ ಏನೂ ಇರಲಿಲ್ಲ — ಮುಲಾಮಿನ ವಾಸನೆ ಅಷ್ಟೆ. ಗಂಟಲೊಳಗೆ ಗಂಟಂತೆ. ಇನ್ನು ಹಾಡುವ ಹಾಗಿಲ್ಲವಂತೆ.

"ಅದು ನನ್ನ ದನಿ ಅಲ್ಲ ಅಂತ ನಿನಗೇ ಗೊತ್ತಾಗಲಿಲ್ಲ ನೋಡು" ಅಂದಳು, ಒಡೆದ ದನಿಯಲ್ಲಿ. "ಇನ್ನು ಜನಕ್ಕೆ ಎಲ್ಲಿ ಗೊತ್ತಾಗುತ್ತೆ?"

ಬೆನಿದೋರ್ಮ್, ಜುಲೈ 10, ಸಂಜೆ

ಟೆಲಿವಿಷನ್ನಿನಲ್ಲಿ ರೆಕಾರ್ಡು ಹಾಕಿ ತುಟಿ ಆಡಿಸಿದರೆ ಸಾಕಾಯಿತು. ಇಲ್ಲಿಯ ಹಾಡಿನ ಉತ್ಸವದಲ್ಲಿ ಹಾಗಲ್ಲ. ಬಯಲು ವೇದಿಕೆ, ಪಕ್ಕದಲ್ಲೇ ಬ್ಯಾಂಡು. ಎಲ್ವಿರಾಳ ಮೈಕು ಆಫ್ ಮಾಡಿಬಿಡೋಣ ಎಂದ ಕಿರೋಗಾ. ಅವಳು ಒಪ್ಪಿದ್ದಾಳೆ.

"ನಾನು ಹಿಂದೆ ನಿಂತು ಹಾಡ್ತೀನಿ ಬಿಡಮ್ಮಾ. ಅಭ್ಯಾಸ ಇದೆಯಲ್ಲ" ಅಂದಳು ನಿಯೆವೆಸ್. ಆ ಕಣ್ಣಲ್ಲಿ ಕಂಡದ್ದು ದುಃಖವೋ ಸಂತೋಷವೋ... ಈಗ ಇವಳನ್ನೂ ನಂಬಲಾರೆ.

ಆದರೆ ನನ್ನ ದೊಡ್ಡ ಮಗಳು ಸಾವಿರ ಜನರೆದುರು ಬರೀ ಬಾಯಿ ಆಡಿಸುವುದು ಬೇಡ. ನೀನೇ ಮುಂದೆ ನಿಲ್ಲು, ಒಬ್ಬಳೇ ಹಾಡು ಎಂದೆ ಚಿಕ್ಕವಳಿಗೆ. ಎಲ್ವಿರಾ ಅಳಲಿಲ್ಲ. ತನ್ನ ಓಲೆ ಬಿಚ್ಚಿ ತಂಗಿಗೆ ಹಾಕುತ್ತಿದ್ದಾಳೆ. ತೂತು ಸಿಗುತ್ತಿಲ್ಲ.

ನಿರೂಪಕ ಬಾಗಿಲು ತಟ್ಟುತ್ತಿದ್ದಾನೆ, ವೇದಿಕೆಗೆ ಯಾರ ಹೆಸರು ಕೂಗಲಿ ಎಂದು. ನಾನೇ ಎದ್ದು ಹೇಳಬೇಕು. ಒಂದೇ ಹೆಸರು —