ಯಂತ್ರದ ವೇಳೆ, ಕಾದವರ ವೇಳೆ

ಮಹಾಂತೇಶ ನಗರ, ಬೆಳಗಾವಿ
12 ಆಗಸ್ಟ್ 1987, ಬುಧವಾರ

ಪ್ರೀತಿಯ ಧನಪಾಲಣ್ಣನಿಗೆ,

ನಮಸ್ಕಾರ. ನಿನ್ನ ಎರಡು ಪತ್ರಗಳು ಮೇಜಿನ ಮೇಲೆಯೇ ಇವೆ. ಬಿಡುವಿರಲಿಲ್ಲ ಎಂದು ನೆಪ ಹೇಳಲಾರೆ. ಬರೆಯಲು ಕೂತು ಎದ್ದೆ, ಅಷ್ಟೆ. ಕೂಸು ಮಗುಚಿಕೊಳ್ಳುತ್ತಾಳೆಂದು ಬರೆದಿದ್ದೀ, ಸಂತೋಷ.

ಸೋಮವಾರ ನಮ್ಮ ಆಸ್ಪತ್ರೆಯ ಸಮಿತಿ ಸೇರುತ್ತದೆ. ರಕ್ತದಾನಿಗಳ ಪಟ್ಟಿಯನ್ನು ಕಂಪ್ಯೂಟರಿಗೆ ಹಾಕಿದವನು ನಾನೇ ಎಂದು ನಿನಗೆ ಗೊತ್ತು. ರಕ್ತದ ಗುಂಪು ಒತ್ತಿದರೆ ಯಾರನ್ನು ಕರೆಸಬೇಕೆಂದು ಡೇಟಾಬೇಸ್ ತೋರಿಸಬೇಕು. ಹೆಸರುಗಳು ಒಂಬತ್ತು ಸಾವಿರ ದಾಟಿದ ಮೇಲೆ ಅದು ಆಗಾಗ ನಿಧಾನವಾಗುತ್ತದೆ. ಎಲ್ಲಿ, ಯಾಕೆ ತಡವಾಗುತ್ತದೆಂದು ಗಮನಿಸುವ ಸಾಧನವೊಂದನ್ನು ಆರಿಸಿ ನಾನು ಸಹಿ ಹಾಕಬೇಕು. ಆಯ್ಕೆ ತಪ್ಪಿದರೆ ತಡ ಕಣ್ಣಿಗೆ ಬೀಳುವುದಿಲ್ಲ, ಮಲಗಿರುವವರಿಗೆ ರಕ್ತ ತಲುಪುವುದಿಲ್ಲ.

ಒಂದು ಕಂಪನಿಯ ಇಂಥ ಪ್ರೋಗ್ರಾಮನ್ನು ಮಾರ್ಚಿನಲ್ಲಿ ಹತ್ತು ದಿನ ಪರೀಕ್ಷೆಗೆ ಹಾಕಿದ್ದೆ. ಪ್ರತಿ ಹುಡುಕಾಟದ ಒಂದೊಂದು ಹೆಜ್ಜೆಯನ್ನೂ ಅದು ಬರೆದಿಡುತ್ತದೆ. ವರದಿ ಅಂದವಾಗಿದೆ: ಅತಿ ನಿಧಾನದ ಹುಡುಕಾಟಕ್ಕೂ ಹನ್ನೊಂದೇ ಸೆಕೆಂಡು. ಸಮಿತಿಯ ಅಧ್ಯಕ್ಷ ಡಾ. ಗುರುಪಾದಪ್ಪನವರಿಗೆ ಅದೇ ಬೇಕು.

ಮೊನ್ನೆ ಅವರೆದುರು ನಮ್ಮ ಆಪರೇಟರ್ ಅಖ್ತರಿ ತನ್ನ ನೋಟ್‌ಬುಕ್ ತಂದಿಟ್ಟಳು. ಕೀಲಿ ಒತ್ತಿದಾಗ ಗೋಡೆ ಗಡಿಯಾರ ನೋಡುತ್ತಾಳೆ, ಪರದೆಗೆ ಹೆಸರು ಬಂದಾಗ ಮತ್ತೆ ನೋಡುತ್ತಾಳೆ, ಎರಡನ್ನೂ ಬರೆದಿಡುತ್ತಾಳೆ.

“ಇದೇನವ್ವಾ, ಬಸ್‌ಸ್ಟ್ಯಾಂಡ್ ಕಂಟ್ರೋಲರ್ ಆಗೀಯೇನು?” ಡಾಕ್ಟರು ನಕ್ಕರು.

“ಹೂನ್ರಿ ಸರ್. ಬಸ್ ಓಡಿದ ಹೊತ್ತು ಕಂಪನಿಯವ್ರು ಬರದಾರ. ಬಸ್ ಬರೂತನಕ ನಿಂತವ್ರ ಹೊತ್ತು ನಾ ಬರದೇನಿ.”

“ಹಂಗಾದ್ರ ಕಂಪ್ಯೂಟರ್ ಸುಳ್ಳ ಹೇಳ್ತೈತೇನು?”

“ಸುಳ್ಳಲ್ರಿ. ತಾ ದುಡದದ್ದಷ್ಟ ಹೇಳ್ತೈತಿ. ನಾವು ಕಾದದ್ದು ಅದಕ್ಕೇನ್ ಗೊತ್ರಿ?”

ಡಾಕ್ಟರು ನನ್ನ ಕಡೆ ತಿರುಗಿದರು. “ಖರೇ ಏನ್ರಿ ಭೂಪಾಲ?”

“ನೋಡಿ ಹೇಳ್ತೇನ್ರಿ” ಎಂದೆ.

ವರದಿಯನ್ನೂ ನೋಟ್‌ಬುಕ್ಕನ್ನೂ ಸಾಲುಸಾಲಾಗಿ ಹೋಲಿಸಿದೆ. ಅವಳು ಹೇಳಿದ್ದು ಸರಿ. ಹುಡುಕಾಟ ಶುರುವಾಗುವ ಮೊದಲು ಸರದಿಯಲ್ಲಿ ಕಾದ ವೇಳೆಯನ್ನು ಪ್ರೋಗ್ರಾಮು ಎಣಿಸುವುದೇ ಇಲ್ಲ. ಅದಕ್ಕಿಂತ ಕೆಟ್ಟದ್ದು, ಸರದಿ ಬೆಳೆದದ್ದೇ ಅದರಿಂದ. ಅದು ಬಿಡುವಿಲ್ಲದೆ ಬರೆಯುತ್ತ ಡಿಸ್ಕನ್ನು ಹಿಡಿದುಕೊಂಡಿತ್ತು. ಹುಡುಕಾಟಗಳು ಹಿಂದೆ ನಿಂತಿದ್ದವು. ಅದನ್ನು ತೆಗೆದ ಮರುದಿನದಿಂದಲೇ ನೋಟ್‌ಬುಕ್ಕಿನ ನಿಮಿಷಗಳು ಇಳಿದಿವೆ. ಭಾನುವಾರ ಹಾಕಿ ಪರೀಕ್ಷಿಸಬಹುದಿತ್ತು. ಅಂಕಿಗಳು ಬೇಗ ಸಿಗಲೆಂದು ನಾನು ಕೆಲಸದ ದಿನಗಳಲ್ಲೇ ಹಾಕಿದೆ.

ಮಳೆ ಇನ್ನೂ ಬಿಟ್ಟಿಲ್ಲ, ಕೂಸಿಗೆ ತಂಡಿ ಹತ್ತದಂತೆ ನೋಡಿಕೋ. ಅವ್ವನಿಗೆ ನಮಸ್ಕಾರ. ಕೂಸು ರತ್ನಮಾಲಾ ನೂರು ಕಾಲ ಬಾಳಲಿ.

ನಿನ್ನ ತಮ್ಮ,
ಭೂಪಾಲ

ತಾ.ಕ.: ಇದನ್ನು ಮೇಲೆ ಬರೆಯಲು ಕೈ ಬರಲಿಲ್ಲ. ನೋಟ್‌ಬುಕ್ಕಿನಲ್ಲಿ ಮಾರ್ಚ್ 11ರ ಒಂದು ಸಾಲು ಕೂಸಿನ ತಾಯಿ, ನಮ್ಮ ತಾರಾಬಾಯಿ ವೈನಿಯದು. ಓ ನೆಗೆಟಿವ್ ಕೇಳಿದ್ದು ಮಧ್ಯಾಹ್ನ 3:10ಕ್ಕೆ, ಹೆಸರು ಬಂದದ್ದು 3:36ಕ್ಕೆ. ದಾನಿ ಇಲ್ಲೇ ಅನಗೋಳದವನು, ಅವನು ಬರುವಷ್ಟರಲ್ಲಿ ವೈನಿ ಹೋಗಿದ್ದರು. ಹೆರಿಗೆ ನೋವು ಶುರುವಾದಾಗ ಖಾನಾಪುರದಲ್ಲಿ ಜೀಪು ಹುಡುಕುತ್ತ ಅರ್ಧ ತಾಸು ಕಳೆದೆನೆಂದು ಪ್ರತಿ ಪತ್ರದಲ್ಲೂ ನಿನ್ನನ್ನೇ ಬೈದುಕೊಳ್ಳುತ್ತೀ. ಈ ಇಪ್ಪತ್ತಾರು ನಿಮಿಷ ನನ್ನವು. ಆಗ ವಾರ್ಡಿನ ಹೊರಗೆ ನಿನ್ನ ಪಕ್ಕದಲ್ಲೇ ಕೂತಿದ್ದೆ. ಕಂಪನಿಯ ವರದಿಯಲ್ಲಿ ಅದೇ ಹುಡುಕಾಟಕ್ಕೆ ಒಂಬತ್ತು ಸೆಕೆಂಡು.

ಸೋಮವಾರ ನೋಟ್‌ಬುಕ್ಕಿನ ಪರವಾಗಿ ಸಹಿ ಹಾಕುತ್ತೇನೆ. ಆ ಸಾಲು ಯಾರದೆಂದೂ, ಯಾರಿಂದ ತಡವಾಯಿತೆಂದೂ ಸಮಿತಿಗೆ ಬರೆದು ಕೊಡುತ್ತೇನೆ. ಅದರ ಹಿಂದಿನ ದಿನ, ಭಾನುವಾರ, ಮೊದಲ ಬಸ್ಸಿಗೆ ನೋಟ್‌ಬುಕ್ ಹಿಡಿದು ಖಾನಾಪುರಕ್ಕೆ ಬರುತ್ತೇನೆ. ಅವರಿಗಿಂತ ಮೊದಲು ನೀನು ಓದಬೇಕು.