ಲೇಖನಿ ಪೆಟ್ಟಿಗೆ ಕೆತ್ತಿದ ಗೋರಿ

ನಿಜಾಮುದ್ದೀನ್ ಬಸ್ತಿ, ದಿಲ್ಲಿ
9 ಫೆಬ್ರುವರಿ 1954

ಕಂದಾ ಶರಾಫತ್, ನಿನಗೆ ನನ್ನ ಆಯುಸ್ಸೂ ಸೇರಲಿ.

ನಿನ್ನ ಕಾಗದ ಕೈಸೇರಿ ತುಂಬ ದಿನವಾಯಿತು. ಉತ್ತರ ತಡವಾಯಿತೆಂದು ಬೇಸರ ಮಾಡಿಕೊಳ್ಳಬೇಡ. ಲಾಹೋರಿಗೆ ಮದುವೆಗೆಂದು ಹೋಗಿದ್ದ ಬಣ್ಣಗಾರ ಅಜ್ಮಲ್ ಬಂದವನೇ ಬಾಗಿಲಲ್ಲಿ ನಿಂತು, "ಉಸ್ತಾದ್, ಮೊದಲು ಕೂತ್ಕೊಳ್ಳಿ" ಅಂದ. "ಯಾರು ಸತ್ತರೋ?" ಅಂದೆ. "ಸತ್ತಿಲ್ಲ, ಬದುಕಿದಾನೆ. ನಿಮ್ಮ ಶರಾಫತ್ ಬದುಕಿದಾನೆ" ಅಂದ. ಅವನ ಕೆನ್ನೆಗೆ ಒಂದು ಬಿಟ್ಟೆ. ಇಂಥ ತಮಾಷೆ ಯಾರಾದರೂ ಮಾಡುತ್ತಾರೆಯೇ? ಆಮೇಲೆ ಅವನು ಕೈಗಿತ್ತ ಕಾಗದದಲ್ಲಿ ನಿನ್ನ ಅಕ್ಷರ ನೋಡಿ ಅದೇ ಕೆನ್ನೆಗೆ ಮುತ್ತಿಟ್ಟೆ. ನೀನು ಹತ್ತಿದ ರೈಲಿನಲ್ಲಿ ಒಬ್ಬರೂ ಉಳಿಯಲಿಲ್ಲವೆಂದೇ ನಮಗೆ ಸುದ್ದಿ ಬಂದಿತ್ತು. ನೀನು ಹಿಂದೆ ಬರೆದ ಕಾಗದಗಳೆಲ್ಲ ಹಳೆಯ ಮನೆಗೆ ಹೋಗಿರಬೇಕು. ಆ ಮನೆ ಈಗ ನಮ್ಮದಲ್ಲ.

"ನಾನು ಬದುಕಿದ್ದೇನೆಂದು ಕೇಳಿ ಅಮ್ಮಿ ಏನಂದಳು, ಬರೆಯಿರಿ" ಎಂದು ಕೇಳಿದ್ದೀಯ. ಹೇಳುತ್ತೇನೆ, ತಾಳು. ಮೊದಲು ಕೆಲಸದ ಮಾತು.

ನೀನು ಅಲ್ಲಿ ಜಹಾಂಗೀರ್ ಬಾದಶಹರ ಗೋರಿಯ ದುರಸ್ತಿಗೆ ಕಲ್ಲು ಕೆತ್ತುತ್ತಿದ್ದೀಯಂತೆ. ನಾನಿಲ್ಲಿ ಅವರ ತಾತ ಹುಮಾಯೂನರ ಗೋರಿಗೆ. ನಿನಗೆ ಉಳಿ ಹಿಡಿಯಲು ಕಲಿಸಿದ ನತ್ಥೂ ಮೇಸ್ತ್ರಿಗೆ ಹೇಳಿದೆ. "ತಾತನ ಚಾಕರಿ ಅಪ್ಪನಿಗೆ, ಮೊಮ್ಮಗನ ಚಾಕರಿ ಮಗನಿಗೆ. ಸತ್ತೋರ ಮನೆ ಬಿಟ್ಟರೆ ನಿಮ್ಮ ವಂಶಕ್ಕೆ ಬೇರೆ ಗತಿ ಇಲ್ವೇ?" ಎಂದು ನಕ್ಕು, ನಗುತ್ತಲೇ ಕಣ್ಣೊರೆಸಿಕೊಂಡ. ನಿಮ್ಮದಕ್ಕೆ ಗುಮ್ಮಟವೇ ಇಲ್ಲವಂತಲ್ಲ, ಅದೆಂಥ ಗೋರಿಯೋ! ನಮ್ಮದಕ್ಕೆ ನೋಡು, ಒಂದರೊಳಗೊಂದು ಎರಡು.

ದೇಶ ಇಬ್ಭಾಗವಾಗಿ ದಿಲ್ಲಿ ಹತ್ತಿ ಉರಿಯುವಾಗ ಇದೇ ಹುಮಾಯೂನರ ಮಕ್ಬರಾದ ತೋಟದಲ್ಲಿ ನಾವು ಡೇರೆ ಹಾಕಿಕೊಂಡದ್ದು ನಿನಗೆ ಮರೆತಿರಲಿಕ್ಕಿಲ್ಲ. ನೀರಿಲ್ಲದ ಕಾಲುವೆಯೊಳಗೆ ಜನ ಮಲಗಿದರು, ಜಾಲಂಧ್ರದ ಕಲ್ಲು ಕಿತ್ತು ಒಲೆ ಹೂಡಿದರು. ನಾನು ಕೂಗಾಡಿದಾಗ ನಿನ್ನ ಅಮ್ಮಿ, "ಬಾದಶಹಾ ಸತ್ತು ನಾನೂರು ವರ್ಷ ಆಯ್ತು, ಅವನಿಗೆ ಹಸಿವಿಲ್ಲ. ಹುಡುಗನಿಗೆ ಹಸಿವಾಗಿದೆ, ಸುಮ್ಮನಿರಿ" ಎಂದು ಅದೇ ಒಲೆಯ ಮೇಲೆ ನಿನಗೆ ರೊಟ್ಟಿ ಸುಟ್ಟಳು. ಈಗ ಅಲ್ಲಿ ಹೊಸ ಜಾಲಂಧ್ರ ಕೂರಿಸುತ್ತಿದ್ದೇನೆ.

ನಿನ್ನ ಸೋದರಮಾವನ ಜೊತೆ ನಿನ್ನನ್ನು ಲಾಹೋರಿಗೆ ಮುಂದೆ ಕಳಿಸಿ, ಮುಂದಿನ ರೈಲಿಗೆ ನಾವು ಹೊರಡುವವರಿದ್ದೆವು. ನಿನ್ನ ರೈಲಿನ ಸುದ್ದಿ ಬಂದದ್ದೇ, "ನಾನಿನ್ನೆಲ್ಲೂ ಬರಲ್ಲ" ಎಂದು ಅವಳು ಕೂತುಬಿಟ್ಟಳು. ಕೆಲವು ತಿಂಗಳ ಮೇಲೆ, "ಮಗನಿಗೊಂದು ಗೋರಿ ಕಟ್ಟಿ" ಎಂದು ಹಟ ಹಿಡಿದಳು. "ಹೆಣ ಇಲ್ಲದೆ ಗೋರಿ ಕಟ್ಟೋ ಪದ್ಧತಿ ಇಲ್ಲಮ್ಮ" ಎಂದರು ಮೌಲವಿ ಸಾಹೇಬರು. ಇವಳು ಬಿಡುವವಳೇ? "ಗುಮ್ಮಟದ ಕೆಳಗಿನ ಬಿಳಿ ಗೋರಿಗೆ ನೀವೇ ಫಾತಿಹಾ ಓದ್ತೀರಲ್ಲ, ಅದೂ ಖಾಲೀನೇ. ನಿಜವಾದ್ದು ನೆಲಮಾಳಿಗೆಯಲ್ಲಿದೆ. ಬಾದಶಹಾನಿಗೆ ಆಗುತ್ತೆ, ನನ್ನ ಮಗನಿಗೆ ಆಗಲ್ವಾ?"

ಬಸ್ತಿಯ ಖಬರಸ್ತಾನದಲ್ಲಿ, ಕೆಂಪು ಕಲ್ಲಿನಲ್ಲಿ ನಿನ್ನ ಗೋರಿ ಮಾಡಿದೆ. ಹೆಸರು ಬರೆಯಲಿಲ್ಲ. ಮಕ್ಬರಾದಲ್ಲಿ ಮಲಗಿದ ಎಷ್ಟೋ ರಾಜಕುಮಾರರಿಗೇ ಹೆಸರಿಲ್ಲವಲ್ಲ. ಗಂಡಸಾದರೆ ಗೋರಿಯ ಮೇಲೆ ಲೇಖನಿ ಪೆಟ್ಟಿಗೆ, ಹೆಂಗಸಾದರೆ ಬರೆಯುವ ಹಲಗೆ, ಅಷ್ಟೇ ಗುರುತು. ನಿನಗೆ ಪೆಟ್ಟಿಗೆ ಕೆತ್ತಿದೆ. ಉಳಿ ಜಾರಿ ಒಂದು ಮೂಲೆ ಚಕ್ಕೆ ಎದ್ದುಹೋಯಿತು. ಜನ್ಮದಲ್ಲೇ ಅಷ್ಟು ಕೆಟ್ಟ ಕೆಲಸ ನಾನು ಮಾಡಿದವನಲ್ಲ. ಗುರುವಾರ ಬಂದರೆ ಅಮ್ಮಿ ಅಲ್ಲಿ ದೀಪ ಹಚ್ಚಿ, ಗುಲಾಬಿ ಎಸಳು ಹಾಕಿ, "ನನಗಿಂತ ಮೊದಲು ಹೋಗ್ತೀಯೇನೋ, ನಾಚಿಕೆ ಇಲ್ವಾ ನಿಂಗೆ?" ಎಂದು ಆ ಕಲ್ಲಿನ ಜೊತೆ ಜಗಳವಾಡಿ ಮನೆಗೆ ಬರುತ್ತಿದ್ದಳು.

ಪರವಾನಗಿ ಸಿಕ್ಕರೆ ಶಾಬಾನ್ ತಿಂಗಳಲ್ಲಿ ಬರುತ್ತೇನೆಂದು ಬರೆದಿದ್ದೀಯ. ಬಾ ಮಗನೇ. ನಾನಿನ್ನೂ ಕಾಣದ ಸೊಸೆಯ ತಲೆ ಮೇಲೆ ನನ್ನ ಪರವಾಗಿ ಕೈಯಿಟ್ಟು ಹರಸು. ಅಲ್ಲಾಹು ನಿಮ್ಮಿಬ್ಬರ ಮನೆ ತುಂಬಿಸಲಿ.

ನಿನ್ನ ಅಬ್ಬಾ,
ಚಿರಾಗುದ್ದೀನ್

ಮರೆತೆನೆಂದುಕೊಳ್ಳಬೇಡ. ಅಮ್ಮಿ ಏನಂದಳು ಎಂದು ಕೇಳಿದ್ದೆಯಲ್ಲ, ಏನೂ ಅನ್ನಲಿಲ್ಲ ಕಂದಾ. ಅಜ್ಮಲ್ ಇನ್ನೂ ಲಾಹೋರಿನಲ್ಲಿದ್ದಾಗಲೇ ಅವಳು ಹೋಗಿಬಿಟ್ಟಳು. ಈ ಚಳಿಗಾಲದ ಮೊದಲಲ್ಲೇ ಎದೆಯಲ್ಲಿ ಕಫ ಕಟ್ಟಿತು. "ಬೇರೆ ಗುಂಡಿ ಯಾಕೆ, ಅವನದು ಖಾಲಿ ಇದೆಯಲ್ಲ, ಅಲ್ಲೇ ಮಲಗಿಸಿ. ಪೆಟ್ಟಿಗೆ ಮಾತ್ರ ತೆಗೀಬೇಡಿ, ನನ್ನ ಎದೆ ಮೇಲೆ ಅವನಿರಲಿ" ಅಂದಳು. ಹಾಗೇ ಮಾಡಿದೆ. ಆದರೆ ಬದುಕಿರುವ ಮಗನ ಗುರುತು ಗೋರಿಯ ಮೇಲೆ ಇರಬಾರದು. ಉಳಿ ಹಿಡಿದು ಹೋದೆ, ಆಗಲಿಲ್ಲ, ಅವಳಿಗೆ ಮಾತು ಕೊಟ್ಟವನು ನಾನು. ನೀನೇ ಬಂದು ಆ ಪೆಟ್ಟಿಗೆಯನ್ನು ಕೆತ್ತಿ ಸಮ ಮಾಡು, ನಿನ್ನ ಕೈಯಾರೆ ಅವಳಿಗೆ ಹಲಗೆ ಮಾಡು. ನಿನ್ನ ಸುತ್ತಿಗೆಯ ಸದ್ದು ಅವಳಿಗೆ ಗೊತ್ತು. ನಿನ್ನ ಹಳೆಯ ಉಳಿಗೆ ಸಾಣೆ ಹಿಡಿದಿಟ್ಟಿದ್ದೇನೆ.