ಕಿರಣನಿಗೆ ಕಳಿಸದ ರೆಕಾರ್ಡು

ಪ್ರಾಸ್ಪೆಕ್ಟ್, ಅಡಿಲೇಡ್
೧೩ ಜುಲೈ ೨೦೨೫, ಭಾನುವಾರ

ಪ್ರೀತಿಯ ಕಿರಣನಿಗೆ,

"ಯಾವಾಗ ಅಕ್ಕ?" ಎಂದು ನೀನು ಮೆಸೇಜಿನಲ್ಲಿ ಕೇಳಿ ಏಳು ತಿಂಗಳಾಯಿತು. ಇವತ್ತು ಉತ್ತರ ಬರೆಯುತ್ತಿದ್ದೇನೆ. ಉತ್ತಮ್ ಹೋದದ್ದು ಡಿಸೆಂಬರ್ ಆರು, ಶುಕ್ರವಾರ, ಮಧ್ಯಾಹ್ನ ಮೂರೂವರೆಗೆ. ಪರ್ತಿನ ಆಸ್ಪತ್ರೆಯಲ್ಲಿ. ತಮ್ಮನ ಹತ್ತಿರ ನಾನೊಬ್ಬಳೇ ಇದ್ದೆ.

ಇದರ ಜೊತೆಗಿರುವ ಪಾರ್ಸೆಲ್ಲು ನಿನ್ನದು. ಮೇಲಿನ ವಿಳಾಸ, ಬ್ರಿಸ್ಬೇನ್ ಸನ್ನಿಬ್ಯಾಂಕಿನ ನಿನ್ನ ಮನೆಯದು, ಅವನೇ ಬರೆದದ್ದು, ಅವನ ಅಕ್ಷರ ನಿನಗೆ ಗೊತ್ತಾಗುತ್ತದೆ. ಅವನ ಫ್ರೀಮ್ಯಾಂಟಲ್ ಮನೆ ಖಾಲಿ ಮಾಡುವಾಗ ಅಡುಗೆಮನೆಯ ಮೇಜಿನ ಮೇಲೆ ಸಿಕ್ಕಿತು. ಅಂಚೆಗೆ ಹಾಕುವುದೊಂದೇ ಬಾಕಿ ಇತ್ತು. ನಾನು ಹಾಕಲಿಲ್ಲ. ಸೂಟ್‌ಕೇಸಿನಲ್ಲಿ ಸೀರೆಗಳ ಕೆಳಗಿಟ್ಟು ಅಡಿಲೇಡಿಗೆ ತಂದು ಬೀರುವಿನ ಮೇಲಿಟ್ಟೆ. ಕಳಿಸಿದರೆ ನೀನು ಫೋನ್ ಮಾಡುತ್ತೀಯ, ಕೇಳುತ್ತೀಯ. ಅದಕ್ಕೆ ಹೆದರಿದೆ.

ಒಳಗಿರುವುದು ನೀವಿಬ್ಬರೂ ಅಷ್ಟು ವರ್ಷ ಹುಡುಕುತ್ತಿದ್ದ ರೆಕಾರ್ಡು. ಎಂಬತ್ತರ ದಶಕದ ಆ ಇಬ್ಬರು ಇಂಗ್ಲೆಂಡಿನವರು, ಒಬ್ಬ ಹಾಡುವವನು, ಇನ್ನೊಬ್ಬ ಸಿಂಥಸೈಜರ್ ನುಡಿಸುವವನು. ಕುಣಿಯುವವರಿಗೆಂದು ಉದ್ದ ಮಾಡಿದ ಹಾಡು, ತಟ್ಟೆಯಷ್ಟು ಅಗಲದ ರೆಕಾರ್ಡಿನ ಒಂದು ಬದಿಗೆ ಒಂದೇ. ಫ್ರೀಮ್ಯಾಂಟಲ್‌ನಲ್ಲಿ ಮುಚ್ಚುತ್ತಿದ್ದ ಯಾವುದೋ ಅಂಗಡಿಯಲ್ಲಿ ಸಿಕ್ಕಿತೆಂದು ಉತ್ತಮ್ ನವೆಂಬರಿನಲ್ಲಿ ನನಗೆ ಫೋನ್ ಮಾಡಿ ಹೇಳಿದ್ದ. ಅಷ್ಟು ಖುಷಿಯ ದನಿ ಅವನದು ನಾನು ಕೇಳಿರಲಿಲ್ಲ. ನಾನು ಆಗಲೂ ಮಾತು ತಿರುಗಿಸಿ, ಮೈಸೂರಿನಿಂದ ಒಂದು ಹುಡುಗಿಯ ಜಾತಕ ಬಂದಿದೆ ಎಂದೆ.

ನಿಮ್ಮಿಬ್ಬರ ವಿಷಯ ನನಗೆ ಗೊತ್ತಿರಲಿಲ್ಲ ಎಂದು ನೀನು ತಿಳಿದಿರಬಹುದು. ಗೊತ್ತಿತ್ತು. ಮೂರು ವರ್ಷದ ಹಿಂದೆ, ನೀನು ಬ್ರಿಸ್ಬೇನಿಗೆ ಹೋಗುವ ಮೊದಲು, ಫ್ರೀಮ್ಯಾಂಟಲ್‌ನ ನಿಮ್ಮ ಮನೆಗೆ ಬಂದಿದ್ದೆನಲ್ಲ, ನಿನ್ನ ರೂಮು ಎಂದು ಅವನು ತೋರಿಸಿದ ಕೋಣೆಯಲ್ಲಿ ಮಂಚದ ತುಂಬ ರೆಕಾರ್ಡಿನ ಡಬ್ಬಿಗಳಿದ್ದವು. ಮಲಗಲು ಜಾಗವೇ ಇರಲಿಲ್ಲ. ಮಾರನೆಯ ಬೆಳಿಗ್ಗೆ ನೀವಿಬ್ಬರೂ ಹಾಡು ಹಾಕಿಕೊಂಡು, ದೋಸೆ ಹಂಚಿನ ಮುಂದೆ ಕುಣಿಯುತ್ತಿದ್ದಿರಿ. ನಾನು ಬಾಗಿಲಿಗೆ ಬಂದವಳು ಹಿಂದಕ್ಕೆ ಹೋಗಿ, ಬೇಕೆಂದೇ ಕೆಮ್ಮಿ ಮತ್ತೆ ಬಂದೆ. ನೀನು "ಕಾಫಿ ಅಕ್ಕ?" ಎಂದು ಲೋಟ ಕೊಟ್ಟೆ. ಅಂದಿನಿಂದ ನನಗೆ ಗೊತ್ತು.

ಈಗ ಆಸ್ಪತ್ರೆಯ ಆ ಐದು ದಿನಗಳ ವಿಷಯ. ಸೋಮವಾರ ಬಂದರಿನಲ್ಲಿ ಕೆಲಸ ಮಾಡುವಾಗಲೇ ಅವನಿಗೆ ಹಾರ್ಟ್ ಅಟ್ಯಾಕ್ ಆಯಿತು. ಆಫೀಸಿನ ಕಾಗದದಲ್ಲಿ ನನ್ನ ಹೆಸರಿತ್ತು, ನನ್ನನ್ನು ಕರೆದರು. ನಾನು ಹೋದಾಗ ಎಚ್ಚರವಾಗಿದ್ದ, ಮಾತಾಡುತ್ತಿದ್ದ. ಮೊದಲು ಕೇಳಿದ್ದೇ, "ಕಿರಣಂಗೆ ಹೇಳಿದ್ಯಾ?"

"ಹೇಳಿದೀನಿ, ಬರ್ತಿದಾನೆ" ಎಂದೆ.

ಅವನ ಫೋನು ನನ್ನ ಬ್ಯಾಗಿನಲ್ಲಿತ್ತು. ನಿನ್ನ ಹೆಸರು ಬೆಳಗುತ್ತಲೇ ಇತ್ತು. ಮಂಗಳವಾರ ಅದನ್ನು ಆಫ್ ಮಾಡಿ, ಅವನು ಕೇಳಿದರೆ ಆಫೀಸಿನಲ್ಲೇ ಉಳಿದಿದೆ ಎಂದೆ. ಆಗ ನೀನು ನನಗೇ ಫೋನ್ ಮಾಡಿದೆ. ಅವನನ್ನು ಉತ್ತರದ ಕಡೆಯ ಬಂದರಿಗೆ ಕೆಲಸದ ಮೇಲೆ ಕಳಿಸಿದ್ದಾರೆ, ಅಲ್ಲಿ ಸಿಗ್ನಲ್ ಇಲ್ಲ, ಸೋಮವಾರ ಬರುತ್ತಾನೆ ಎಂದು ನಾನು ಸುಳ್ಳು ಹೇಳಿದೆ. ನೀನು ನಂಬಿ ಥ್ಯಾಂಕ್ಸ್ ಅಕ್ಕ ಎಂದೆ. ಬ್ರಿಸ್ಬೇನಿನಿಂದ ಪರ್ತಿಗೆ ಐದಾರು ಗಂಟೆಯ ವಿಮಾನ. ನಿಜ ಹೇಳಿದ್ದರೆ ನೀನು ಬುಧವಾರವೇ ಬಂದಿರುತ್ತಿದ್ದೆ.

ಯಾಕೆ ಹಾಗೆ ಮಾಡಿದೆ ಎಂದರೆ, ಮೈಸೂರಿನಿಂದ ಅಮ್ಮ ಗಂಟೆಗೊಮ್ಮೆ ವಿಡಿಯೊ ಕಾಲ್ ಮಾಡುತ್ತಿದ್ದರು. ಕನ್ನಡ ಸಂಘದವರು ಊಟದ ಡಬ್ಬಿ ತಂದು ಕೂರುತ್ತಿದ್ದರು. ನೀನು ಬಂದು ಅವನ ತಲೆ ಸವರಿದ್ದರೆ ಅವರಿಗೆಲ್ಲ ಏನು ಹೇಳಲಿ ಎಂಬುದೇ ನನ್ನ ಚಿಂತೆಯಾಗಿತ್ತು. ಚೇತರಿಸಿಕೊಂಡು ಮನೆಗೆ ಬಂದ ಮೇಲೆ ಹೇಗೂ ಸಿಗುತ್ತಾರಲ್ಲ ಎಂದುಕೊಂಡೆ. ಡಾಕ್ಟರು ಕೂಡ ಸೋಮವಾರ ಮನೆಗೆ ಕಳಿಸುವ ಮಾತಾಡಿದ್ದರು. ಶುಕ್ರವಾರ ಎರಡನೆಯ ಸಲ ಅಟ್ಯಾಕ್ ಆಯಿತು. ಆಮೇಲೆ ನಿನ್ನ ಫೋನು ಬಂದರೆ ತೆಗೆಯಲಿಲ್ಲ. ಎಲ್ಲ ಮುಗಿಸಿ ಹನ್ನೊಂದು ದಿನದ ಮೇಲೆ ನಿನಗೆ ಇಂಗ್ಲಿಷಿನಲ್ಲಿ ಎರಡು ಸಾಲು ಕಳಿಸಿದೆ.

ಎಂಟು ದಿನದ ಹಿಂದೆ, ಶನಿವಾರ, ಮಗಳು ಅದಿತಿ ಕಂಬಳಿ ತೆಗೆಯಲು ಬೀರು ಹತ್ತಿದಾಗ ಪಾರ್ಸೆಲ್ಲು ಸಿಕ್ಕಿತು. ಮಾಮನ ಅಕ್ಷರ ನೋಡಿ ಬಿಚ್ಚಿಬಿಟ್ಟಳು. ಹದಿನಾರು ವರ್ಷದವಳು, ಅವಳ ರೂಮಿನಲ್ಲೂ ರೆಕಾರ್ಡು ಹಾಕುವ ಒಂದು ಟರ್ನ್‌ಟೇಬಲ್ ಇದೆ. ನಾನು ಅಡುಗೆಮನೆಯಲ್ಲಿದ್ದೆ. ಯಾರೋ ನೋವಿನಲ್ಲಿ ನರಳಿದಂತೆ ಗಂಡಸಿನ ದನಿ ಕೇಳಿ ಓಡಿದೆ. ನಿಮಿಷಕ್ಕೆ ನಲವತ್ತೈದು ಸುತ್ತಿಗೆ ಇಡಬೇಕಾದ ವೇಗವನ್ನು ಮೂವತ್ತಮೂರಕ್ಕೆ ಇಟ್ಟಿದ್ದಳಂತೆ. ಸರಿ ಮಾಡಿದಳು. ಹಾಡು ಎದ್ದು ಕುಣಿಯತೊಡಗಿತು.

ಕವರಿನೊಳಗೆ ಒಂದು ಚೀಟಿ ಇತ್ತು. ಅವಳಿಗೆ ಕನ್ನಡ ಓದಲು ಬರುವುದಿಲ್ಲ, ಓದಿ ಹೇಳು ಎಂದಳು. "ಕಿರಣ, ಕೊನೆಗೂ ಸಿಕ್ತು. ನಾನು ಮಾರ್ಚಿಗೆ ಅಲ್ಲಿಗೇ ಬಂದುಬಿಡ್ತೀನಿ, ಅಲ್ಲೀವರೆಗೆ ಹಾಕಬೇಡ. ಇಬ್ಬರೂ ಒಟ್ಟಿಗೆ ಕೇಳೋಣ." ಓದುವಷ್ಟರಲ್ಲಿ ಹಾಡು ಮುಗಿದಿತ್ತು. ನಿಮ್ಮಿಬ್ಬರಿಗಿಂತ ಮೊದಲು ನಾವು ಕೇಳಿಬಿಟ್ಟೆವು, ಕಿರಣ.

ಕಿರಣ ಯಾರು, ಮಾಮ ಹೋದಾಗ ಅವರು ಯಾಕೆ ಇರಲಿಲ್ಲ ಎಂದು ಅದಿತಿ ಕೇಳಿದಳು. ಹೇಳಿದೆ. ಎರಡು ದಿನ ನನ್ನ ಹತ್ತಿರ ಮಾತಾಡಲಿಲ್ಲ. ಮೂರನೆಯ ದಿನ ಗೆಳತಿಯ ಮನೆಗೆ ಹೊರಡುವಾಗ, ನೀನು ಕಳಿಸದಿದ್ದರೆ ನಾನು ಕಳಿಸುತ್ತೇನೆ ಎಂದು ಇಂಗ್ಲಿಷಿನಲ್ಲಿ ಹೇಳಿ ಬಾಗಿಲು ಎಳೆದುಕೊಂಡಳು.

ನನ್ನ ಗಂಡ ಶ್ರೀಹರಿಗೆ ಹೇಳಿದೆ. ಕಿರಣನಿಗೆ ಮೊದಲೇ ಹೇಳಬೇಕಿತ್ತು ಎಂದರು, ಅಷ್ಟೆ. ಅಮ್ಮನಿಗೂ ನಿನ್ನ ಹೆಸರು ಹೇಳಿದ್ದೇನೆ. ಫೋನ್ ಇಟ್ಟರು. ಐದು ದಿನದಿಂದ ತೆಗೆಯುತ್ತಿಲ್ಲ.

ಅಸ್ಥಿಯನ್ನು ಫ್ರೀಮ್ಯಾಂಟಲ್ ಬಂದರಿನ ದಕ್ಷಿಣಕ್ಕಿರುವ ಬೀಚಿನಲ್ಲಿ ಬಿಟ್ಟೆವು. ಅಲ್ಲಿ ನೀನು ನಿಲ್ಲಬೇಕಿತ್ತು. ನೀನು ಹೋಗುವುದಾದರೆ ನಾನೂ ಬಂದು ಜಾಗ ತೋರಿಸುತ್ತೇನೆ. ನನ್ನ ಮುಖ ನೋಡುವುದು ಬೇಡವಾದರೆ ಅದಿತಿ ಬರುತ್ತಾಳೆ, ಕೇಳಿದ್ದೇನೆ. ಉತ್ತರ ಬರೆಯಲೇಬೇಕೆಂದಿಲ್ಲ.

ಉತ್ತಮನ ಅಕ್ಕ,
ಸುಭದ್ರಾ

ತಾ.ಕ.: ಒಂದನ್ನು ಬಿಟ್ಟು ಸಹಿ ಮಾಡಿದ್ದೆ. ಶುಕ್ರವಾರ ಮೂರು ಗಂಟೆಯ ಹೊತ್ತಿಗೆ ಅವನಿಗೆ ಕಣ್ಣು ಸರಿಯಾಗಿ ಕಾಣುತ್ತಿರಲಿಲ್ಲ. ನನ್ನ ಕೈ ಹಿಡಿದುಕೊಂಡು, "ಕಿರಣ, ಬಂದ್ಯಾ?" ಎಂದ. ನಾನು ಪಿಸುದನಿಯಲ್ಲಿ "ಬಂದೆ" ಎಂದೆ. ಕೈಯನ್ನು ಕೆನ್ನೆಗೆ ಒತ್ತಿಕೊಂಡ. ನೀನು ಆಡಬೇಕಿದ್ದ ಮಾತು ನಾನು ಆಡಿದೆ. ಇದು ಅದಿತಿಗೂ ಗೊತ್ತಿಲ್ಲ.